ಪುಟ್ಟ ಟ್ರೇಲರ್ ಒಳಗೆ ಬೆಳಗ್ಗೆ ನೀರು ಹನಿಯುವುದೇಕೆ?

ಕ್ಯಾಂಪಿಂಗ್ ಟ್ರೇಲರಿನಲ್ಲಿ (ಕಾರಿನ ಹಿಂದೆ ಕಟ್ಟಿ ಎಳೆಯುವ, ಮಲಗಲು ಜಾಗವಿರುವ ಗಾಡಿ) ಮಲಗಿ ಎದ್ದರೆ ಕಿಟಕಿ, ಗೋಡೆ ಎಲ್ಲ ಒದ್ದೆ, ಏನು ಮಾಡೋದು ಅಂತ ಕೇಳಿದ್ದೀರಿ. ಚಳಿಯಿದ್ದರೂ ರಾತ್ರಿ ಚಾವಣಿಯ ವೆಂಟ್ (ಗಾಳಿಕಿಂಡಿ) ಮತ್ತು ಒಂದು ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಡಿ. ಒಂದೇ ತೆರೆದರೆ ಸಾಲದು, ಗಾಳಿ ಬರಲೂ ದಾರಿ ಬೇಕು, ಹೋಗಲೂ ಬೇಕು.

ಸೋರಿಕೆ ಇಲ್ಲದಿದ್ದರೆ ಆ ನೀರು ಹೆಚ್ಚಾಗಿ ನಿಮ್ಮ ಉಸಿರಿನದೇ. ಬೆಚ್ಚಗಿನ ಗಾಳಿಯಲ್ಲಿ ಆವಿ ಜಾಸ್ತಿ ಇರಬಲ್ಲದು. ಆ ಗಾಳಿ ತಣ್ಣಗಿನ ಗಾಜನ್ನೋ ಅಲ್ಯೂಮಿನಿಯಂ ಚೌಕಟ್ಟನ್ನೋ ತಾಗಿದಾಗ ಆವಿ ಹನಿಯಾಗುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುವುದೂ ಹೀಗೇ, ಅಲ್ವಾ? ಹೊರಗಿನ ಚಳಿಗಾಳಿಯಲ್ಲಿ ಆವಿ ಕಡಿಮೆ. ಅದು ಒಳಬಂದು ಬೆಚ್ಚಗಾದರೆ ತೇವ ಹೀರಿಕೊಂಡು ಹೊರಹೋಗುತ್ತದೆ.

ಬೆಚ್ಚಗಾಗಲೆಂದು ಒಳಗೆ ಗ್ಯಾಸ್ ಸ್ಟೌ ಹಚ್ಚುವುದು ಬೇಡವೇ ಬೇಡ. 1 ಕೆ.ಜಿ. ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಒಳಗೇ ಸೇರುತ್ತದೆ. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಅಪಾಯ ಬೇರೆ.

ತೇವ ಹೀರುವ ಡಬ್ಬಿಗಳು ಸಿಗುತ್ತವೆ. ಟ್ರೇಲರ್ ಮುಚ್ಚಿ ನಿಲ್ಲಿಸಿದಾಗ ಪರವಾಗಿಲ್ಲ, ಜನ ಮಲಗಿದ್ದಾಗ ಸುಮ್ನೆ ದುಡ್ಡು ದಂಡ. ಹಾಸಿಗೆಯ ಅಡಿಭಾಗವನ್ನು ಮಾತ್ರ ಮರೆಯಬೇಡಿ. ಮೊದಲು ಬೂಷ್ಟು ಹಿಡಿಯುವುದು ಸಾಮಾನ್ಯವಾಗಿ ಅಲ್ಲೇ. ಕೆಳಗೆ ಮರದ ಪಟ್ಟಿಗಳನ್ನು ಹಾಕಿ, ಬೆಳಗ್ಗೆ ಎದ್ದ ಕೂಡಲೇ ಹಾಸಿಗೆ ಎತ್ತಿ ನಿಲ್ಲಿಸಿ.