ಚಾರ್ಜ್ ಕೊಡದೆ ಬಿಟ್ಟ ಕೆಲಸ: ಒಂದು ಆಪ್ತಸಲಹೆ ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಿಂದ ಬಂದ 85 ವರ್ಷದ ಹಿರಿಯರೊಬ್ಬರ ಪ್ರಕರಣವಿದು. ಅವರ ಮತ್ತು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಮೂರು ತಿಂಗಳಿಂದ ಅವರ ಮಾತು ಕಡಿಮೆಯಾಗಿತ್ತು, ಊಟವನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು, ರಾತ್ರಿ ಎರಡು ಗಂಟೆಗೆ ಎದ್ದು ಹಳೆಯದೊಂದು ಉದ್ದನೆಯ ನೋಟ್‌ಬುಕ್ ತೆರೆದುಕೊಂಡು ಕೂರುತ್ತಿದ್ದರು. “ಅಪ್ಪಯ್ಯನಿಗೆ ಮರೆವಿನ ಕಾಯಿಲೆ ಶುರುವಾಯಿತೇನೋ” ಎಂಬುದು ಕರೆತಂದ ಮಗನ ಆತಂಕವಾಗಿತ್ತು.

1962ರ ಚೀನಾ ಯುದ್ಧದ ಹೊತ್ತಿಗೆ, ಬೆಲೆ ಏರಿಕೆಯನ್ನು ಹತೋಟಿಯಲ್ಲಿಡಲು ಕೇಂದ್ರ ಸರ್ಕಾರ ಗ್ರಾಹಕರ ಸಹಕಾರ ಭಂಡಾರಗಳಿಗೆ ನೆರವು ನೀಡುವ ಯೋಜನೆಯನ್ನು ತಂದಿತು. ಮರುವರ್ಷ ಅಂಥದ್ದೇ ಒಂದು ಭಂಡಾರದಲ್ಲಿ ಗುಮಾಸ್ತರಾಗಿ ಸೇರಿದ ಇವರು 1998ರಲ್ಲಿ ವ್ಯವಸ್ಥಾಪಕರಾಗಿ ನಿವೃತ್ತರಾದರು. ಸೇರು, ತೊಲಗಳು ಹೋಗಿ ಕಿಲೋಗ್ರಾಂ ಆಗಷ್ಟೇ ಬಂದಿದ್ದ ಕಾಲವದು. ಹೊಸ ತೂಕವನ್ನು ನಂಬದೆ ಅನುಮಾನದಿಂದ ನಿಲ್ಲುತ್ತಿದ್ದ ಹೆಂಗಸರ ಎದುರು ಅದೇ ಬೇಳೆಯನ್ನು ಹಳೆಯ ಸೇರಿನಲ್ಲೂ ಅಳೆದು ತೋರಿಸುತ್ತಿದ್ದುದನ್ನು ಹೇಳುವಾಗ ಮಾತ್ರ ಮೊದಲ ಭೇಟಿಯಲ್ಲಿ ಅವರ ಮುಖ ಅರಳಿತು.

ನಿವೃತ್ತಿಯ ನಂತರ ಅವರು ಮನೆಯ ಜಗಲಿಯನ್ನೇ ಕಚೇರಿ ಮಾಡಿಕೊಂಡರು. ವಿಧವಾ ವೇತನದ ಅರ್ಜಿ, ಪಡಿತರ ಚೀಟಿಯ ತಿದ್ದುಪಡಿ, ವಾಚನಾಲಯದ ಲೆಕ್ಕ, ಗಣೇಶೋತ್ಸವದ ಖರ್ಚುವೆಚ್ಚ ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಇವೆಲ್ಲಕ್ಕಿಂತ ಅವರ ಮನಸ್ಸಿಗೆ ಹತ್ತಿರವಾದದ್ದು, ಊರಿನ ಬಡ ಮನೆಗಳಲ್ಲಿ ಸಾವಾದಾಗ ಸೌದೆಗೆ, ಆಸ್ಪತ್ರೆಯ ಬಾಕಿಗೆ ಸದ್ದಿಲ್ಲದೆ ಹಣ ತಲುಪಿಸುವ ಒಂದು ಸಣ್ಣ ನಿಧಿ. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ, ಇನ್ನಾದರೂ ವಿಶ್ರಾಂತಿ ಇರಲೆಂದು ಊರಿನ ಯುವಕರು ಒಂದು ಸಂಜೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಲೆಕ್ಕದ ಪುಸ್ತಕಗಳನ್ನೆಲ್ಲ ಕೊಂಡೊಯ್ದರು. ಅವರ ಉದ್ದೇಶದಲ್ಲಿ ಕಿಂಚಿತ್ತೂ ಕೆಡುಕಿರಲಿಲ್ಲ.

ವೃದ್ಧರ ಮೌನವನ್ನು ಕಂಡೊಡನೆ ಅದನ್ನು ಮರೆವು ಎಂದೋ ಖಿನ್ನತೆ ಎಂದೋ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಮೊದಲು ವೈದ್ಯರ ಬಳಿ ಕಳುಹಿಸಿ ಥೈರಾಯ್ಡ್, ವಿಟಮಿನ್ ಬಿ12 ಮತ್ತು ಕಿವಿಯ ಪರೀಕ್ಷೆ ಮಾಡಿಸಿದೆ. ರಕ್ತಪರೀಕ್ಷೆಗಳು ಸರಿಯಿದ್ದವು, ಕಿವಿ ಮಾತ್ರ ಸಾಕಷ್ಟು ಮಂದವಾಗಿತ್ತು. ಕೇಳಿಸದಿದ್ದರೂ ತಲೆಯಾಡಿಸುವುದನ್ನು ಅವರು ರೂಢಿಸಿಕೊಂಡಿದ್ದರಿಂದ ಮನೆಯವರಿಗೆ ಇದು ಗೊತ್ತೇ ಆಗಿರಲಿಲ್ಲ. ನೆನಪಿನ ಪರೀಕ್ಷೆಯಲ್ಲಿ ಆತಂಕಪಡುವಂಥದ್ದೇನೂ ಕಾಣಲಿಲ್ಲ. ವೃದ್ಧರ ಖಿನ್ನತೆಯನ್ನು ಗುರುತಿಸಲು ಬಳಸುವ 15 ಪ್ರಶ್ನೆಗಳ ಮಾಪನದಲ್ಲಿ 8 ಅಂಕ ಬಂದಿತು, ಅಂದರೆ ಖಿನ್ನತೆಯ ಲಕ್ಷಣಗಳು ಇದ್ದವು. “ಈಗಿನ ಸ್ಥಿತಿಯಲ್ಲಿ ನೀವು ಪ್ರಯೋಜನಕ್ಕೆ ಬಾರದವರು ಅನ್ನಿಸುತ್ತದೆಯೇ?” ಎಂಬ ಪ್ರಶ್ನೆಯನ್ನು ಎರಡು ಬಾರಿ ಗಟ್ಟಿಯಾಗಿ ಓದಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ದಾಸ್ತಾನು ಮುಗಿದ ಮೇಲೆ ಅಂಗಡಿ ಬಾಗಿಲು ತೆಗೆದಿಡಬಾರದಮ್ಮ” ಎಂದರು. ಇಂಥ ಮಾತನ್ನು ಕೇಳಿಸಿಕೊಂಡು ಮುಂದಕ್ಕೆ ಹೋಗುವಂತಿಲ್ಲ. ಸಾಯುವ ಆಲೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲವೆಂದರು. ಆದರೂ ಮಗ-ಸೊಸೆಗೆ ಗಮನಿಸಬೇಕಾದ ಲಕ್ಷಣಗಳನ್ನು ತಿಳಿಸಿ, ಹಗಲುರಾತ್ರಿ ದೊರೆಯುವ ಟೆಲಿ-ಮಾನಸ್ ಸಹಾಯವಾಣಿ 14416ರ ಸಂಖ್ಯೆಯನ್ನು ಕೊಟ್ಟೆ.

ಮೂರನೆಯ ಭೇಟಿಗೆ ಆ ನೋಟ್‌ಬುಕ್ಕನ್ನು ತರಲು ಹೇಳಿದ್ದೆ. ಮನೆಯಲ್ಲಿ ಉಳಿದಿದ್ದ ಒಂದೇ ಪುಸ್ತಕ ಅದು, ಸೌದೆ ನಿಧಿಯದು. ಪುಟದ ಎಡಬದಿಯಲ್ಲಿ ತಾರೀಕು, ಬಲಬದಿಯಲ್ಲಿ ಮೊತ್ತ, ಹೆಸರಿರಬೇಕಾದ ಜಾಗದಲ್ಲಿ ಕೆಂಪು ಪೆನ್ಸಿಲಿನ ಒಂದೊಂದು ಗುರುತು: ಒಂದು ಕಡೆ ಬಾವಿ, ಇನ್ನೊಂದು ಕಡೆ ಹಲಸಿನ ಮರ, ಮತ್ತೊಂದು ಕಡೆ ಬರೀ ಮೂರು ಗೆರೆ. ನೆರವು ಪಡೆದವರು ಊರಿನಲ್ಲಿ ತಲೆ ತಗ್ಗಿಸುವಂತಾಗಬಾರದೆಂದು ಅವರು ಹೆಸರು ಬರೆದಿರಲಿಲ್ಲ. ಹೊಸ ಸಮಿತಿಯವರು ಪಾರದರ್ಶಕತೆಗೆಂದು ಪ್ರತಿಯೊಂದು ಪುಟದ ಫೋಟೊವನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದಾರೆ. ಈ ಪುಸ್ತಕವನ್ನು ಕೊಟ್ಟರೆ ಆ ಮನೆಗಳ ಮಾನ ಹೋದೀತು, ಕೊಡದೆ ಸತ್ತರೆ ಇನ್ನೂ ನೆರವು ಬೇಕಿರುವ ಎರಡು ಮನೆಗಳು ಯಾರಿಗೂ ಗೊತ್ತಾಗುವುದಿಲ್ಲ. ರಾತ್ರಿ ಎರಡು ಗಂಟೆಯ ಲೆಕ್ಕ ಇದೇ ಆಗಿತ್ತು.

1998ರಲ್ಲಿ ಚಾರ್ಜ್ ಕೊಟ್ಟದ್ದು ಹೇಗೆಂದು ಕೇಳಿದೆ. ಮೂರು ದಿನ ಪ್ರತಿಯೊಂದು ಚೀಲವನ್ನೂ ತೂಗಿಸಿ, ನಗದು ಶಿಲ್ಕನ್ನು ಎಣಿಸಿ, ಪಟ್ಟಿಗೆ ಇಬ್ಬರೂ ಸಹಿ ಹಾಕಿದ ಮೇಲೆಯೇ ಬೀಗದ ಕೈ ಕೊಟ್ಟಿದ್ದರಂತೆ. ಈ ಸಲ ಒಂದೇ ಒಂದು ಸಹಿಯೂ ಆಗಿರಲಿಲ್ಲ. ಜೀವಮಾನವಿಡೀ ಬಾಕಿ ಉಳಿಸದೆ ಬದುಕಿದ ಮನುಷ್ಯನಿಗೆ ಶಾಲು ಹೊದಿಸಿದ್ದು ಗೌರವಕ್ಕಿಂತ ಹೆಚ್ಚಾಗಿ ಅರ್ಧಕ್ಕೆ ಎಬ್ಬಿಸಿ ಕಳುಹಿಸಿದಂತೆ ಕಂಡಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಹಾಗಾಗಿ ನನ್ನ ಸಲಹೆ ಸರಳವಾಗಿಯೇ ಇತ್ತು. ಎಲ್ಲ ಪುಸ್ತಕಗಳೂ ಒಮ್ಮೆ ಜಗಲಿಗೆ ಮರಳಬೇಕು, ಅವರು ತಮ್ಮ ಕ್ರಮದಲ್ಲಿಯೇ ಚಾರ್ಜ್ ಪಟ್ಟಿ ಬರೆದು ಒಪ್ಪಿಸಬೇಕು, ಅದಕ್ಕೆ ಎಷ್ಟು ದಿನ ಹಿಡಿದರೂ ಯಾರೂ ಅವಸರಪಡಿಸಬಾರದು. ನಿಧಿಯ ಪುಸ್ತಕವನ್ನು ಯಾರಿಗೆ ಕೊಡಬೇಕೆಂಬುದು ಅವರದೇ ತೀರ್ಮಾನವಾಗಿರಲಿ. ವಾಟ್ಸಾಪಿನಲ್ಲಿ ಒಟ್ಟು ಮೊತ್ತ ಬರಬಹುದು, ಆದರೆ ಪುಟಗಳು ಬರಬಾರದು ಎಂಬ ಷರತ್ತನ್ನು ಸಮಿತಿಯ ಕಾರ್ಯದರ್ಶಿ ನನ್ನೆದುರೇ ಒಪ್ಪಿಕೊಂಡನು. “ಸುಮ್ಮನೆ ಕೂತಿರಿ” ಎಂಬ ಮಾತನ್ನು ಬಿಡಬೇಕೆಂದು ಮಗನಿಗೆ ಹೇಳಿದೆ. ಎದುರು ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡುವಂತೆ ಸೊಸೆಗೆ ತಿಳಿಸಿದೆ. ಬಚ್ಚಲಿಗೆ ಹಿಡಿಕೆ ಹಾಕಿಸುವುದು, ಶ್ರವಣ ಸಾಧನ ಕೊಡಿಸುವುದು ಇವೂ ಚಿಕಿತ್ಸೆಯ ಭಾಗವೇ. ಆರು ವಾರಗಳಲ್ಲಿ ಚೇತರಿಕೆ ಕಾಣದಿದ್ದರೆ ಮನೋವೈದ್ಯರನ್ನು ನೋಡಲೇಬೇಕೆಂದೂ ಸ್ಪಷ್ಟಪಡಿಸಿದೆ.

ಪಟ್ಟಿ ಬರೆಯಲು ಹನ್ನೊಂದು ದಿನ ಹಿಡಿಯಿತು. ನಿಧಿಯ ಪುಸ್ತಕವನ್ನು ಅವರು ಊರಿನ ನಿವೃತ್ತ ಅಂಗನವಾಡಿ ಶಿಕ್ಷಕಿಯೊಬ್ಬರಿಗೆ ಒಪ್ಪಿಸಿ, ಗುರುತುಗಳ ಅರ್ಥವನ್ನು ಬಾಯಿಮಾತಿನಲ್ಲಿ ಮಾತ್ರ ಹೇಳಿಕೊಟ್ಟರು. ಆರನೆಯ ವಾರದಲ್ಲಿ ಮಾಪನದ ಅಂಕ 4ಕ್ಕೆ ಇಳಿದಿತ್ತು. ಊಟ ಸುಧಾರಿಸಿದೆ, ನಿದ್ದೆ ಇನ್ನೂ ಪೂರ್ತಿ ಬಂದಿಲ್ಲ, ಶ್ರವಣ ಸಾಧನವನ್ನು ಮನಸ್ಸು ಬಂದಾಗಷ್ಟೇ ಹಾಕಿಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಬರಲು ಹೇಳಿದ್ದೇನೆ.

ಪಟ್ಟಿಗೆ ಸೇರದೆ ಉಳಿದ ವಸ್ತು ಒಂದಿದೆ. ಚೀಲಕ್ಕೆ ಚುಚ್ಚಿ ಅಕ್ಕಿಯ ಮಾದರಿ ತೆಗೆಯುವ ಕಬ್ಬಿಣದ ಕೊಳವೆ ಅದು. ಭಂಡಾರದವರು ಹಳೆಯ ಸಾಮಾನುಗಳನ್ನು ಹರಾಜಿಗಿಟ್ಟಾಗ ಅದನ್ನು ಕೂಗಿ, ಹಣ ಕಟ್ಟಿ ತಂದಿದ್ದರಂತೆ, ಅದರ ರಶೀದಿಯೂ ಇದೆ. ಅದನ್ನು ಅವರ ದಿಂಬಿನ ಪಕ್ಕದಿಂದ ತೆಗೆಯಬೇಡಿ ಎಂದು ಸೊಸೆಗೆ ಹೇಳಿದ್ದೇನೆ.