ಕ್ಯಾಸಿನಿ ನೌಕೆ ಕಳಿಸಿದ ಶನಿಯ ಚಿತ್ರಗಳಲ್ಲಿ ಮಾಹಿತಿ ಕಳೆದುಹೋಗಿ ಉಳಿದ ಕಪ್ಪು ಗೆರೆಗಳನ್ನು ತುಂಬಿಸಲು ಯಾವ ತಂತ್ರಾಂಶ ಒಳ್ಳೆಯದು?

ಯಾವುದೂ ಅಲ್ಲ. ತುಂಬಿಸಲೇಬೇಡಿ.

2009ರಲ್ಲಿ, ಪದವಿಯ ಕೊನೆಯ ವರ್ಷ, ನಾನೂ ಇದೇ ಗೆರೆಗಳ ಹಿಂದೆ ಬಿದ್ದಿದ್ದೆ. ಶನಿಯಲ್ಲಿ ಆಗ ವಿಷುವ ಕಾಲ (ಸೂರ್ಯ ಸಮಭಾಜಕದ ನೇರಕ್ಕಿರುವ ಹೊತ್ತು), ಅದರ ‘ಬಿ’ ಎಂಬ ಉಂಗುರದಲ್ಲಿ ‘ಸ್ಪೋಕ್’ ಎಂಬ ಮಸುಕು ಛಾಯೆಗಳು ಕಾಣಿಸುವ ಸಮಯ. ನಾನು ಇಳಿಸಿಕೊಂಡ ಒಂದು ಚಿತ್ರದಲ್ಲಿ ಉಂಗುರದ ಪಕ್ಕದ ತಿರುವಿನಲ್ಲೇ, ಅಂದರೆ ಉಂಗುರ ಬಾಗುವ ತುದಿಯಲ್ಲೇ, ಪಿಕ್ಸೆಲ್‌ಗಳ ನಾಲ್ಕು ಸಾಲು ಮಾಯವಾಗಿದ್ದವು. ಹೊಳಪಿನ ಅಂಕಿ 20ಕ್ಕಿಂತ ಕಡಿಮೆಯಿರುವ ಪಿಕ್ಸೆಲ್‌ಗಳೆಲ್ಲ ಕಳೆದುಹೋದವು ಎಂದು ಗುರುತಿಸಿ, ಮೇಲಿನ ಹಾಗೂ ಕೆಳಗಿನ ಸಾಲಿನ ಸರಾಸರಿಯಿಂದ ತೇಪೆ ಹಾಕುವ ಪುಟ್ಟ ಪ್ರೋಗ್ರಾಮ್ ಬರೆದೆ. ತೇಪೆ ಬಿದ್ದ ಜಾಗದಲ್ಲಿ ಮೃದುವಾದ ನಸುಗಪ್ಪು ಗೆರೆಯೊಂದು ಮೂಡಿತು. ಸ್ಪೋಕ್ ಸಿಕ್ಕಿತೆಂದು ಸೆಮಿನಾರಿನಲ್ಲಿ ಇಪ್ಪತ್ತು ನಿಮಿಷ ಮಾತನಾಡಿದೆ.

ತಪ್ಪು ಎಲ್ಲಿತ್ತು ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲೇ ಎಡವುತ್ತೀರಿ. ಕ್ಯಾಸಿನಿ ಜಾಲತಾಣದ ಕಚ್ಚಾ ಚಿತ್ರಗಳು ಜೆಪೆಗ್ ರೂಪದವು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ ಕುಗ್ಗಿಸುತ್ತದೆ. ಒಂದೇ ಚೌಕದಲ್ಲಿ ಬೆಳ್ಳನೆಯ ಉಂಗುರವೂ ಸೊನ್ನೆಯ ಸಾಲೂ ಬಿದ್ದರೆ ಒಂದರ ಮಸಿ ಇನ್ನೊಂದಕ್ಕೆ ಹತ್ತುತ್ತದೆ. 140 ಇರಬೇಕಾದ ಪಕ್ಕದ ಸಾಲು ನನ್ನ ಚಿತ್ರದಲ್ಲಿ 110ಕ್ಕೆ ಇಳಿದಿತ್ತು. ನನ್ನ ಪ್ರೋಗ್ರಾಮ್ ಆ ಮಸಿ ಹತ್ತಿದ ಸಾಲನ್ನೇ ಸಾಚಾ ಎಂದು ನಂಬಿ, ಅದನ್ನೇ ಖಾಲಿ ಜಾಗಕ್ಕೆ ಬಳಿಯಿತು. ಸ್ಪೋಕ್‌ಗಳು ಶನಿಯ ಕಡೆಯಿಂದ ಹೊರಕ್ಕೆ ಚಾಚುತ್ತವೆ. ಪಕ್ಕದ ತಿರುವಿನಲ್ಲಿ ಹೊರಕ್ಕೆ ಎಂದರೆ ಅಡ್ಡಡ್ಡ. ಕಳೆದುಹೋದ ಸಾಲೂ ಅಡ್ಡಡ್ಡ!

“ಒಂದು ಪಿಕ್ಸೆಲ್ ಕೂಡ ವಾಲದೆ ಇಷ್ಟು ನೆಟ್ಟಗೆ ಇರುತ್ತದೇನಪ್ಪಾ ಸ್ಪೋಕ್?” ಎಂದು ಮೇಷ್ಟ್ರು ಕೇಳಿದರು. ಪ್ರಾಜೆಕ್ಟಿನ ಅಂಕ ಅಲ್ಲಿಗೆ ಮುಗಿಯಿತು.

ಆ ಕಪ್ಪು ಜಾಗವೇ ಒಂದು ಮಾಹಿತಿ. ಇಡೀ ಸಾಲುಗಳ ಪಟ್ಟಿ ಮಾಯವಾಗಿದ್ದರೆ ದತ್ತಾಂಶದ ಪೊಟ್ಟಣ ಸಾಮಾನ್ಯವಾಗಿ ದಾರಿಯಲ್ಲಿ ಕಳೆದಿರುತ್ತದೆ. ಭೂಮಿಯ ಆಂಟೆನಾದ ಮೇಲೆ ಮಳೆ ಸುರಿದರೂ ಸಾಕು. ಒಂದು ಬಿಟ್ಟು ಒಂದು ಸಾಲಿನ ಬಲತುದಿ ಮಾತ್ರ ಕತ್ತರಿಸಿದ್ದರೆ ದಾರಿಯನ್ನು ದೂರಬೇಡಿ. ನೌಕೆಯ ಸಂಕುಚನ ಯಂತ್ರ ಚಿತ್ರದ ದತ್ತಾಂಶವನ್ನು ಅರ್ಧ ಗಾತ್ರದೊಳಗೆ ಕುಗ್ಗಿಸಲೇಬೇಕಿತ್ತು. ದೃಶ್ಯದಲ್ಲಿ ವಿವರ ಹೆಚ್ಚಾದಾಗ ಮಿಕ್ಕದ್ದು ಅಲ್ಲೇ ತುಂಡಾಗುತ್ತಿತ್ತು. ಎರಡಕ್ಕೂ ಒಂದೇ ತೇಪೆ ಹಾಕುವ ತಂತ್ರಾಂಶಕ್ಕೆ ಈ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು?

ಗೋಡೆಗೆ ಅಂಟಿಸಲು ಚಂದದ ಚಿತ್ರ ಬೇಕಿದ್ದರೆ ಆಗಿನ ಆಸುಪಾಸಿನಲ್ಲೇ ತೆಗೆದ ಇನ್ನೊಂದು ಚಿತ್ರದಿಂದ ತುಂಬಿಸಿಕೊಳ್ಳಿ, ಹಾಗೆಂದು ಕೆಳಗೆ ಬರೆಯಿರಿ. ಅಳೆಯುವುದಿದ್ದರೆ ಜೆಪೆಗ್ ಬಿಟ್ಟು ನಾಸಾದ ಪಿಡಿಎಸ್ (ಗ್ರಹಗಳ ದತ್ತಾಂಶ) ಸಂಗ್ರಹದ ಪ್ರತಿಯನ್ನೇ ತೆಗೆದುಕೊಳ್ಳಿ. ನನ್ನ ಚಿತ್ರದ ಪ್ರತಿಯನ್ನು ಆಮೇಲೆ ಅಲ್ಲಿಂದ ಇಳಿಸಿಕೊಂಡೆ. ಆ ನಾಲ್ಕು ಸಾಲು ಸೊನ್ನೆಯಾಗಿಯೇ ಇವೆ, ಪಕ್ಕದ ಸಾಲಿಗೆ ಮಸಿ ಹತ್ತಿಲ್ಲ.