ಗೋಡೆಯ ಕಿಂಡಿ ಮುಚ್ಚುವ ಮುನ್ನ

ಮನೆಯೊಳಗೆ ಗ್ಯಾಸ್, ಸೌದೆ, ಇದ್ದಿಲು ಉರಿಸುವಾಗ ಗಾಳಿ ಎಷ್ಟು ಬೇಕು, ಎಲ್ಲಿಂದ ಬರಬೇಕು ಎಂದು ಕೇಳಿದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದು ತುರ್ತಿನದು. ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ಮನೆಗೆ ಬಣ್ಣ ಹೊಡೆಸುವಾಗ ಬಚ್ಚಲುಮನೆಯ ವೆಂಟಿಲೇಟರ್ ಕಿಂಡಿಗೆ ಗಾಜು ಕೂರಿಸಿ ಮುಚ್ಚಿಸಿದೆವು, ಚಳಿಗಾಳಿ ಮತ್ತು ಧೂಳು ತಪ್ಪಲಿ ಎಂದು. ಒಳಗೆ ನಿಮಿಷಕ್ಕೆ ಆರು ಲೀಟರಿನ ಗ್ಯಾಸ್ ಗೀಸರ್ ಇದೆ, ಹೊಗೆ ಕೊಳವೆ ಇಲ್ಲ. ಹಚ್ಚಿದಾಗ ನೀಲಿಯಾಗಿರುವ ಜ್ವಾಲೆ ಐದಾರು ನಿಮಿಷಕ್ಕೆ ಹಳದಿಗೆ ತಿರುಗುತ್ತದೆ. ಮೆಕ್ಯಾನಿಕ್ ಬರ್ನರ್ ಬಿಚ್ಚಿ ತೊಳೆದು ಹೋದರು, ಆದರೂ ಹಾಗೇ ಇದೆ. ಸ್ನಾನ ಮುಗಿಸಿ ಬಂದಾಗ ಎಂಟು ವರ್ಷದ ಮಗಳು ತಲೆನೋವು ಎನ್ನುತ್ತಾಳೆ. ನಮಗೇನೂ ಆಗುವುದಿಲ್ಲ. ದೋಷ ಬರ್ನರ್‌ನದೋ, ಬೇರೆಯದೋ?

ಉತ್ತರ: ಇದನ್ನು ಓದಿದ ಕೂಡಲೇ ಗೀಸರ್‌ಗೆ ಹೋಗುವ ಗ್ಯಾಸ್ ವಾಲ್ವ್ ಮುಚ್ಚಿಬಿಡಿ. ಮುಂದಿನದನ್ನು ಆಮೇಲೆ ಓದಿದರೂ ಆಯಿತು. ನೀರನ್ನು ಸದ್ಯಕ್ಕೆ ಬೇರೆ ದಾರಿಯಲ್ಲಿ ಕಾಯಿಸಿಕೊಳ್ಳಿ.

ನೀವು ಬರೆದ ಒಂದು ವಿವರದಲ್ಲಿ ಅರ್ಧ ಉತ್ತರ ಇದೆ. ಬರ್ನರ್‌ನಲ್ಲಿ ಕಸ ಕಟ್ಟಿದ್ದರೆ ಅಥವಾ ಜೆಟ್ ಕೆಟ್ಟಿದ್ದರೆ ಜ್ವಾಲೆ ಸಾಮಾನ್ಯವಾಗಿ ಹಚ್ಚಿದ ಗಳಿಗೆಯಿಂದಲೇ ಹಳದಿ ಇರುತ್ತದೆ. ಮೊದಲು ನೀಲಿಯಾಗಿದ್ದು ನಿಮಿಷಗಳು ಕಳೆದ ಮೇಲೆ ಬಣ್ಣ ಬದಲಾದರೆ ಬದಲಾಗುತ್ತಿರುವುದು ಬರ್ನರ್ ಅಲ್ಲ, ಕೋಣೆಯ ಗಾಳಿ. ಬರ್ನರ್ ತೊಳೆದರೂ ಹಾಗೇ ಉಳಿದಿರುವುದು ಈ ಅನುಮಾನವನ್ನೇ ಗಟ್ಟಿ ಮಾಡುತ್ತದೆ.

ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ ಆರು ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 10.5 ಕಿಲೋವ್ಯಾಟ್ ಶಾಖ ಬೇಕು. ಸ್ವಲ್ಪ ಶಾಖ ಹೊಗೆಯ ಜೊತೆ ಹೋಗುವುದರಿಂದ ಬರ್ನರ್ 12 ಕಿಲೋವ್ಯಾಟಿನಷ್ಟು ಉರಿಯುತ್ತದೆ. ಸಿಲಿಂಡರ್ ಗ್ಯಾಸ್ ಎಂದರೆ ಪ್ರೊಪೇನ್ ಮತ್ತು ಬ್ಯುಟೇನ್ ಅನಿಲಗಳ ಮಿಶ್ರಣ. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು, ಬ್ಯುಟೇನ್‌ಗೆ 31 ಪಾಲು. ಶಾಖದ ಲೆಕ್ಕದಲ್ಲಿ ಹೇಳುವುದಾದರೆ ಪ್ರತಿ ಕಿಲೋವ್ಯಾಟ್‌ಗೆ ಗಂಟೆಗೆ ಹತ್ತಿರಹತ್ತಿರ ಒಂದು ಘನ ಮೀಟರ್ ಗಾಳಿ. ಇದು ಪುಸ್ತಕದ ಕನಿಷ್ಠ, ನಿಜವಾದ ಬರ್ನರ್‌ಗೆ ಇದಕ್ಕಿಂತ ಹೆಚ್ಚು ಬೇಕು. ಕನಿಷ್ಠವನ್ನೇ ಹಿಡಿದರೂ ನಿಮ್ಮ ಗೀಸರ್ ಹತ್ತು ನಿಮಿಷದಲ್ಲಿ ಎರಡು ಘನ ಮೀಟರ್ ಗಾಳಿಯ ಆಮ್ಲಜನಕವನ್ನೆಲ್ಲ ಮುಗಿಸುತ್ತದೆ. ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಬಚ್ಚಲಲ್ಲಿ ಇರುವ ಗಾಳಿಯೇ ಏಳೂವರೆ ಘನ ಮೀಟರ್. ಕೋಣೆ ಪೂರ್ತಿ ಬಿಗಿಯಾಗಿದ್ದರೆ ಶೇ 21ರಷ್ಟಿದ್ದ ಆಮ್ಲಜನಕ ಹತ್ತು ನಿಮಿಷಕ್ಕೆ ಶೇ 15ರ ಆಸುಪಾಸಿಗೆ ಬರಬೇಕು. ಬಾಗಿಲ ಸಂದಿಯಿಂದ ಒಂದಿಷ್ಟು ಗಾಳಿ ಬರುವುದರಿಂದ ಅಷ್ಟು ಇಳಿಯದಿರಬಹುದು. ಆದರೆ ಆಮ್ಲಜನಕ ಅಳೆದು ತಾನೇ ಆರಿಹೋಗುವ ರೂಮ್ ಹೀಟರ್‌ಗಳು ಶೇ 18ರ ಸುಮಾರಿಗೇ ಗ್ಯಾಸ್ ನಿಲ್ಲಿಸುವಂತೆ ಮಾಡಿರುತ್ತಾರೆ. ಅದಕ್ಕಿಂತ ಕೆಳಗೆ ಉರಿ ಕೆಡುತ್ತದೆ, ಅರೆಬರೆ ಉರಿಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಏರತೊಡಗುತ್ತದೆ. ಹೊಗೆ ಕೊಳವೆ ಇಲ್ಲದಿರುವುದರಿಂದ ಕೆಟ್ಟ ಗಾಳಿಯನ್ನೇ ಬರ್ನರ್ ಮತ್ತೆ ಎಳೆದುಕೊಳ್ಳುತ್ತದೆ, ಉರಿ ಇನ್ನೂ ಕೆಡುತ್ತದೆ.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಗ್ಯಾಸಿಗೆ ಬೇಕೆಂದೇ ವಾಸನೆ ಸೇರಿಸಿರುತ್ತಾರೆ. ಅದು ಉರಿದುಹೋದ ಮೇಲೆ ಆ ವಾಸನೆಯೂ ಇರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೊಗ್ಲೋಬಿನ್, ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಕಾರ್ಬನ್ ಮೊನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ.

ಮಗಳಿಗೆ ಮಾತ್ರ ತಲೆನೋವು ಏಕೆ? ಸ್ಕಾಟ್ಲೆಂಡಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಕಲ್ಲಿದ್ದಲು ಗಣಿಗಳಿಗೆ ಇಲಿ ಮತ್ತು ಪುಟ್ಟ ಹಕ್ಕಿಗಳನ್ನು ಒಯ್ಯಲು ಹೇಳಿದ್ದರ ಹಿಂದಿನ ಕಾರಣವೇ ಇಲ್ಲೂ ಇದೆ. ಸಣ್ಣ ಮೈಯವು ತೂಕಕ್ಕೆ ಹೋಲಿಸಿದರೆ ಹೆಚ್ಚು ಗಾಳಿ ಉಸಿರಾಡುತ್ತವೆ, ವಿಷ ಅವನ್ನು ಬೇಗ ಮುಟ್ಟುತ್ತದೆ. ದಯವಿಟ್ಟು ಮಗುವಿನ ಮಾತನ್ನು ನೆಪ ಎಂದು ತಳ್ಳಿಹಾಕಬೇಡಿ. ನಿಮಗೇನೂ ಅನಿಸದಿದ್ದರೂ ನೀವೂ ಅದೇ ಗಾಳಿಯಲ್ಲಿ ಇದ್ದಿರಿ.

ಅವಳನ್ನು ವೈದ್ಯರಿಗೆ ತೋರಿಸಿ. "ತಲೆನೋವು" ಎಂದಷ್ಟೇ ಹೇಳದೆ "ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು" ಎಂದು ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ: ಕಾರ್ಬನ್ ಮೊನಾಕ್ಸೈಡ್ ಹಿಡಿದ ಹಿಮೊಗ್ಲೋಬಿನ್ನನ್ನೂ ಅದು ಆಮ್ಲಜನಕ ಹೊತ್ತದ್ದೆಂದೇ ಓದಿ 98, 99 ತೋರಿಸಬಲ್ಲದು. ರಕ್ತ ಪರೀಕ್ಷೆಯೇ ಬೇಕು, ಅದೂ ಬೇಗ. ಹೊರಗಿನ ಗಾಳಿಯಲ್ಲಿದ್ದರೆ ನಾಲ್ಕೈದು ಗಂಟೆಗೆ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಅರ್ಧಕ್ಕೆ ಇಳಿದಿರುತ್ತದೆ.

ಗೀಸರ್‌ನ ವಿಚಾರ. ಗಾಜು ತೆಗೆಸಿದರೆ ಸಾಕೇ ಎಂದು ನೀವು ಕೇಳಬಹುದು. ಸಾಲದು. ಕೊಳವೆಯಿಲ್ಲದ ಗೀಸರ್‌ಗೆ ಬಚ್ಚಲುಮನೆ ಜಾಗವೇ ಅಲ್ಲ. ಅದನ್ನು ತೆರೆದ ಬಾಲ್ಕನಿಗೋ ಹೊರಗೋಡೆಗೋ, ಕಿಟಕಿಯಿಂದ ದೂರ, ಸಾಗಿಸಿ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ. ಅದು ಆಗದಿದ್ದರೆ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನೂ ಹೊರಗೇ ಬಿಡುವ, ಕೋಣೆಯ ಗಾಳಿ ಮುಟ್ಟದ ಮುಚ್ಚಿದ ಮಾದರಿಯ ಗೀಸರ್ ಇದೆ, ಅದನ್ನು ಹಾಕಿಸಿ. ಅದೂ ಆಗದಿದ್ದರೆ ವಿದ್ಯುತ್ ಗೀಸರ್.

ಪ್ರಶ್ನೆ: ನಮ್ಮ ಬಾಯ್ಲರ್‌ಗೆ ಹೊಗೆ ಕೊಳವೆ ಇದೆ, ಸಣ್ಣ ಸಾಮಾನು ಕೋಣೆಯಲ್ಲಿ ಇಟ್ಟಿದ್ದೇವೆ. ಗಾಳಿಗೆ ಕಿಂಡಿ ಎಷ್ಟು ದೊಡ್ಡದಿರಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಮೊದಲು ಬಾಯ್ಲರ್‌ನ ಕೈಪಿಡಿ ಮತ್ತು ನಿಮ್ಮಲ್ಲಿ ಜಾರಿಯಲ್ಲಿರುವ ನಿಯಮ ನೋಡಿ, ಅದೇ ಕೊನೆಯ ಮಾತು. ಅಂದಾಜಿಗೆ ಅಮೆರಿಕದ ನ್ಯಾಷನಲ್ ಫ್ಯುಯಲ್ ಗ್ಯಾಸ್ ಕೋಡ್‌ನ ಅಳತೆಗಳನ್ನು ಹೇಳುತ್ತೇನೆ. ಅವು ಸ್ಪಷ್ಟವಾಗಿವೆ.

ಸಾಧಾರಣ ಸಂದುಗಳಿರುವ ಮನೆಯಲ್ಲಿ ಪ್ರತಿ ಕಿಲೋವ್ಯಾಟ್‌ಗೆ 4.8 ಘನ ಮೀಟರ್ ಜಾಗ ಇದ್ದರೆ ಕೋಣೆಯ ಗಾಳಿಯೇ ಸಾಕು ಎನ್ನುತ್ತದೆ ಅದು. ನಿಮ್ಮದು 20 ಕಿಲೋವ್ಯಾಟ್ ಎಂದುಕೊಂಡರೆ 96 ಘನ ಮೀಟರ್ ಬೇಕು. ಸಾಮಾನು ಕೋಣೆ ಅದರ ಹತ್ತಿರಕ್ಕೂ ಬರುವುದಿಲ್ಲ. ಹೊಸ ಕಿಟಕಿ, ರಬ್ಬರ್ ಪಟ್ಟಿ ಹಾಕಿದ ಬಾಗಿಲು ಇರುವ ಬಿಗಿ ಮನೆಯಲ್ಲಿ ಈ ಲೆಕ್ಕವನ್ನು ನಂಬಲೂಬಾರದು. ಹಾಗಾಗಿ ಹೊರಕ್ಕೆ ತೆರೆಯುವ ಎರಡು ಕಿಂಡಿ: ಒಂದು ಚಾವಣಿಯಿಂದ 30 ಸೆಂಟಿಮೀಟರ್ ಒಳಗೆ, ಇನ್ನೊಂದು ನೆಲದಿಂದ 30 ಸೆಂಟಿಮೀಟರ್ ಒಳಗೆ. ನೇರವಾಗಿ ಹೊರಗೋಡೆಗೆ ತೆರೆದರೆ ಒಂದೊಂದಕ್ಕೂ ಪ್ರತಿ ಕಿಲೋವ್ಯಾಟ್‌ಗೆ ಐದೂವರೆ ಚದರ ಸೆಂಟಿಮೀಟರ್, ಅಂದರೆ 20 ಕಿಲೋವ್ಯಾಟ್‌ಗೆ 110. ಹೊರಕ್ಕಲ್ಲದೆ ಪಕ್ಕದ ದೊಡ್ಡ ಕೋಣೆಗೆ ತೆರೆಯುವುದಾದರೆ ಪ್ರತಿ ಕಿಲೋವ್ಯಾಟ್‌ಗೆ 22, ಮತ್ತು ಯಾವುದೂ 645ಕ್ಕಿಂತ ಕಡಿಮೆ ಇರಬಾರದು. ಆಗಲೂ ಎರಡು ಕೋಣೆಯ ಜಾಗ ಕೂಡಿಸಿದಾಗ ಮೇಲಿನ 4.8ರ ಲೆಕ್ಕ ತುಂಬಬೇಕು.

ಬಹಳ ಜನ ಎಡವುವುದು ಇನ್ನೊಂದು ಕಡೆ. ಗೋಡೆಯಲ್ಲಿ ಕೊರೆದ ತೂತಿನ ಅಳತೆ ಬೇರೆ, ಗಾಳಿ ನಿಜವಾಗಿ ನುಗ್ಗುವ ತೆರಪಿನ ಅಳತೆ ಬೇರೆ. ಲೋಹದ ಪಟ್ಟಿಗಳ ಜಾಲಂದ್ರ ಹಾಕಿದರೆ ತೂತಿನ ಮುಕ್ಕಾಲು ಭಾಗ ಮಾತ್ರ ತೆರಪು ಎಂದು ಹಿಡಿಯುತ್ತಾರೆ, ಮರದ ಪಟ್ಟಿಯಾದರೆ ಕಾಲು ಭಾಗ. ಮರದ ಜಾಲಂದ್ರ ಬೇಕೆಂದರೆ ತೂತು ನಾಲ್ಕು ಪಟ್ಟು ದೊಡ್ಡದಾಗಬೇಕು! ಜಾಲರಿಯ ಕಣ್ಣು 6 ಮಿಲಿಮೀಟರ್‌ಗಿಂತ ಸಣ್ಣದಿರಬಾರದು. ಸೊಳ್ಳೆ ಪರದೆ ಕೆಲವೇ ತಿಂಗಳಲ್ಲಿ ಧೂಳು, ಜಿಡ್ಡು ಹಿಡಿದು ಗೋಡೆಯೇ ಆಗಿಬಿಡುತ್ತದೆ.

ಈ ಅಳತೆಗಳೆಲ್ಲ ಹೊಗೆ ಹೊರಗೆ ಹೋಗುತ್ತಿರುವಾಗಿನವು. ಕಿಂಡಿ ದೊಡ್ಡದಿದೆ ಎಂದು ಹೊಗೆ ಕೊಳವೆ ಕಿತ್ತುಹಾಕುವ ಹಾಗಿಲ್ಲ.

ಪ್ರಶ್ನೆ: ಕಿಂಡಿ ಏಕೆ? ಉರಿಸುವಾಗ ಕಿಟಕಿ ತೆರೆದರೆ ಆಗದೇ?

ಉತ್ತರ: ತೆರೆದ ದಿನ ಆಗುತ್ತದೆ. ಮಳೆ ಬಂದ ದಿನ, ಚಳಿ ಹೆಚ್ಚಿದ ರಾತ್ರಿ, ಮನೆಗೆ ನೆಂಟರು ಬಂದು ಅವರಿಗೆ ಈ ವಿಷಯ ಗೊತ್ತಿಲ್ಲದ ಬೆಳಗ್ಗೆ ಕಿಟಕಿ ಮುಚ್ಚಿರುತ್ತದೆ. ಬೆಂಕಿಗೆ ಬೇಕಾದ ಗಾಳಿಯನ್ನು ಯಾರೊಬ್ಬರ ನೆನಪಿಗೂ ಬಿಡಬಾರದು. ನಾನು ಈ ಅಂಕಣದಲ್ಲಿ ಮತ್ತೆ ಮತ್ತೆ ಹೇಳುವುದು ಇದೊಂದನ್ನೇ: ಮುಚ್ಚಲು ಬಾರದ ಕಿಂಡಿ ಇರಲಿ. ಬಂದ ಚಳಿಯನ್ನು ತಡೆಯಲು ಕಿಂಡಿಯನ್ನು ಮನುಷ್ಯರು ಕೂರುವ ಕಡೆಯಿಂದ ದೂರ, ಸಾಧನದ ಹತ್ತಿರವೇ ಮಾಡಿಸಬಹುದು.

ಪ್ರಶ್ನೆ: ಅಡುಗೆಮನೆಯ ಎಲೆಕ್ಟ್ರಿಕ್ ಚಿಮಣಿ ಹಾಕಿದಾಗ ಪಕ್ಕದ ಕೋಣೆಯ ಬಾಯ್ಲರ್ ಕಡೆಯಿಂದ ಬಿಸಿ ಗಾಳಿ, ಕಮಟು ವಾಸನೆ ಬರುತ್ತದೆ. ಬಾಯ್ಲರ್ ಹೊಸದು, ಕೊಳವೆಯೂ ಹೊಸದು.

ಉತ್ತರ: ಬಾಯ್ಲರ್‌ನ ತಪ್ಪಲ್ಲ, ಚಿಮಣಿಯ ತಪ್ಪೂ ಅಲ್ಲ. ಎರಡನ್ನೂ ಒಂದೇ ಮನೆಯಲ್ಲಿ ಇಡುವಾಗ ಹೊರಗಿನಿಂದ ಗಾಳಿ ಬರಲು ದಾರಿ ಮಾಡದೇ ಇರುವುದು ತಪ್ಪು. ಬಿಸಿ ಹೊಗೆ ಮೇಲೇರುವ ಸೆಳೆತ ಕೆಲವೇ ಪಾಸ್ಕಲ್ ಒತ್ತಡದ್ದು. ಗಂಟೆಗೆ 1000 ಘನ ಮೀಟರ್ ಗಾಳಿ ಎಳೆಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ಚಿಮಣಿಗೆ ಆ ಸೆಳೆತವನ್ನು ಸೋಲಿಸುವುದು ಸುಲಭ. ಕಿಟಕಿ ಬಾಗಿಲು ಮುಚ್ಚಿದ್ದರೆ ಅದಕ್ಕೆ ಬೇಕಾದ ಗಾಳಿ ಎಲ್ಲಿ ತೆರಪಿದೆಯೋ ಅಲ್ಲಿಂದ ಒಳಗೆ ಬರುತ್ತದೆ, ಮತ್ತು ಮನೆಯ ದೊಡ್ಡ ತೆರಪು ನಿಮ್ಮ ಹೊಗೆ ಕೊಳವೆಯೇ. ಹೊರಗೆ ಹೋಗಬೇಕಾದ ಹೊಗೆ ಕೆಳಗಿಳಿಯುತ್ತದೆ.

ಹೀಗೆ ಪರೀಕ್ಷಿಸಿ. ಗ್ಯಾಸ್ ಸೋರಿಕೆಯ ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೆ ಎಲ್ಲ ಕಿಟಕಿ, ಹೊರಬಾಗಿಲು ಮುಚ್ಚಿ. ಚಿಮಣಿ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಎಲ್ಲವನ್ನೂ ಪೂರ್ತಿ ವೇಗದಲ್ಲಿ ಓಡಿಸಿ ಬಾಯ್ಲರ್ ಹಚ್ಚಿ. ಐದು ನಿಮಿಷ ಬಿಟ್ಟು ಕೊಳವೆ ಶುರುವಾಗುವ ತೆರೆದ ಬಾಯಿಯ ಪಕ್ಕ ಊದುಬತ್ತಿ ಹಿಡಿಯಿರಿ. ಹೊಗೆಯ ಎಳೆ ಒಳಕ್ಕೆ ಸೇರಿದರೆ ಸರಿ. ಕೋಣೆಯತ್ತ ಹಾರಿದರೆ, ಅಲ್ಲೇ ಸುಳಿದರೂ ಸಹ, ಬಾಯ್ಲರ್ ಆರಿಸಿ ಕಿಟಕಿ ತೆಗೆಯಿರಿ. ಅಡುಗೆಮನೆಗೆ ಪ್ರತ್ಯೇಕ ಗಾಳಿದಾರಿ ಮಾಡಿಸುವವರೆಗೆ, ಅಥವಾ ಮುಚ್ಚಿದ ಮಾದರಿಯ ಬಾಯ್ಲರ್‌ಗೆ ಬದಲಾಯಿಸುವವರೆಗೆ, ಎರಡನ್ನೂ ಒಟ್ಟಿಗೆ ಓಡಿಸಬೇಡಿ. ಬಾಯ್ಲರ್ ಕೋಣೆಗೇ ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ಅದು ಇದೇ ರೋಗವನ್ನು ಹೆಚ್ಚಿಸುತ್ತದೆ.

ಪ್ರಶ್ನೆ: ಗ್ಯಾಸ್ ಒಲೆಗೆ ಹೊಗೆ ಕೊಳವೆಯೇ ಇರುವುದಿಲ್ಲ. ಅದು ಮಾತ್ರ ಹೇಗೆ ಸುರಕ್ಷಿತ?

ಉತ್ತರ: ಒಳ್ಳೆಯ ಪ್ರಶ್ನೆ. ಒಂದು ಬರ್ನರ್ ಒಂದೂವರೆಯಿಂದ ಮೂರು ಕಿಲೋವ್ಯಾಟ್, ಅಡುಗೆಮನೆ ಬಚ್ಚಲಿಗಿಂತ ದೊಡ್ಡದು, ಕಿಟಕಿಯೂ ಇರುತ್ತದೆ ಎಂಬ ಭರವಸೆಯ ಮೇಲೆ ಅದಕ್ಕೆ ವಿನಾಯಿತಿ. ನಾಲ್ಕು ಬರ್ನರ್ ಒಟ್ಟಿಗೆ ಗಂಟೆಗಟ್ಟಲೆ ಉರಿಸಿದರೆ ಆ ಭರವಸೆ ಉಳಿಯುವುದಿಲ್ಲ. ಕಿಟಕಿಯ ಗಾಜು ನೋಡಿಕೊಳ್ಳಿ: ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಹುಟ್ಟುತ್ತದೆ. ಪಾತ್ರೆಗೆ ಮುಚ್ಚಳವಿದ್ದೂ ಗಾಜಿನ ಮೇಲೆ ನೀರು ಇಳಿಯುತ್ತಿದ್ದರೆ ಉರಿದ ಗಾಳಿ ಹೊರಗೆ ಹೋಗುತ್ತಿಲ್ಲ. ಪಾತ್ರೆಯ ತಳಕ್ಕೆ ಮಸಿ ಹತ್ತುತ್ತಿದ್ದರೆ ಬರ್ನರ್ ತೋರಿಸಿ. ಮೈ ಬೆಚ್ಚಗಾಗಲಿ ಎಂದು ಒಲೆ ಹಚ್ಚಿಟ್ಟುಕೊಂಡು ಕೂರುವುದು ಮಾತ್ರ ಎಂದಿಗೂ ಬೇಡ.

ಪ್ರಶ್ನೆ: ಚಳಿಗೆ ಮಲಗುವ ಕೋಣೆಯಲ್ಲಿ ಇದ್ದಿಲ ಕೆಂಡ ಇಡುತ್ತೇವೆ. ಹೊಗೆ ಬರುವುದಿಲ್ಲ, ಕಿಟಕಿ ಎರಡು ಬೆರಳು ತೆರೆದಿರುತ್ತದೆ. ಸಾಕೇ?

ಉತ್ತರ: ಸಾಲದು. ಈ ರಾತ್ರಿಯಿಂದಲೇ ನಿಲ್ಲಿಸಿ. ಕಣ್ಣಿಗೆ ಹೊಗೆ ಕಾಣದಿರುವುದೇ ಇದ್ದಿಲಿನ ಅಪಾಯ. ಕೆಂಡ ಜ್ವಾಲೆಯಿಲ್ಲದೆ ಕಾಯುವಾಗ ಕಾರ್ಬನ್ ಮೊನಾಕ್ಸೈಡ್ ಧಾರಾಳವಾಗಿ ಬರುತ್ತದೆ, ಬೂದಿ ಮುಚ್ಚಿ ಆರಿದಂತೆ ಕಂಡ ಮೇಲೂ ಬರುತ್ತದೆ. ನಿದ್ದೆಯಲ್ಲಿದ್ದವರಿಗೆ ತಲೆನೋವು ಎಚ್ಚರಿಸುವುದಿಲ್ಲ, ಪ್ರಜ್ಞೆ ತಪ್ಪಿದ್ದೂ ತಿಳಿಯುವುದಿಲ್ಲ. ಎಷ್ಟು ಕಿಟಕಿ ತೆರೆದರೆ ಸರಿ ಎಂಬ ಅಳತೆ ಇದಕ್ಕೆ ಇಲ್ಲ.

ಪ್ರಶ್ನೆ: ಸಿಲಿಂಡರ್ ಹತ್ತಿರ ಗ್ಯಾಸ್ ಡಿಟೆಕ್ಟರ್ ಹಾಕಿಸಿದ್ದೇವೆ. ಅದೇ ಸಾಲದೇ?

ಉತ್ತರ: ಅದು ಹಿಡಿಯುವುದು ಉರಿಯದೆ ಸೋರಿದ ಗ್ಯಾಸನ್ನು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ, ಅದಕ್ಕೇ ಆ ಡಿಟೆಕ್ಟರ್ ಕೆಳಗಿರುತ್ತದೆ. ಕಾರ್ಬನ್ ಮೊನಾಕ್ಸೈಡ್‌ನ ತೂಕ ಗಾಳಿಯದಕ್ಕೆ ಹತ್ತಿರ, ಕೋಣೆಯಲ್ಲೆಲ್ಲ ಬೆರೆಯುತ್ತದೆ. ಅದಕ್ಕೆ ಬೇರೆಯೇ ಅಲಾರಂ ಬೇಕು. ಮಲಗುವ ಕೋಣೆಗಳ ಹತ್ತಿರ ಒಂದು, ಉರಿಯುವ ಸಾಧನವಿರುವ ಕೋಣೆಯಲ್ಲಿ ಒಂದು ಇರಲಿ. ಬಾಯ್ಲರ್ ಅಥವಾ ಒಲೆಗೆ ಅಂಟಿಕೊಂಡಂತೆ ಇಡಬೇಡಿ. ಯೂರೋಪಿನ ಇಎನ್ 50291 ಮಾನದಂಡದ ಅಲಾರಂ, ಕಾರ್ಬನ್ ಮೊನಾಕ್ಸೈಡ್ 300 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 300 ಪಾಲು) ಇದ್ದರೆ ಮೂರು ನಿಮಿಷದೊಳಗೆ, 100 ಇದ್ದರೆ 10ರಿಂದ 40 ನಿಮಿಷದಲ್ಲಿ, 50 ಇದ್ದರೆ 60ರಿಂದ 90 ನಿಮಿಷದಲ್ಲಿ ಕೂಗಬೇಕು. ಅದರ ಸೆನ್ಸರ್‌ಗೆ ಆಯಸ್ಸಿದೆ. ಹಿಂಬದಿಯಲ್ಲಿ ಬರೆದ ದಿನಾಂಕ ಮುಗಿದ ಮೇಲೆ ಬಟನ್ ಒತ್ತಿದಾಗ ಸದ್ದು ಬಂದರೂ ಬದಲಾಯಿಸಿ: ಆ ಬಟನ್ ಸದ್ದನ್ನು ಪರೀಕ್ಷಿಸುತ್ತದೆಯೇ ಹೊರತು ಅನಿಲ ಹಿಡಿಯುವ ಶಕ್ತಿಯನ್ನಲ್ಲ.

ಅಲಾರಂ ಇದೆಯೆಂದು ಕಿಂಡಿ ಮುಚ್ಚುವವರೂ ಇದ್ದಾರೆ, ಹಾಗೆ ಮಾಡಬೇಡಿ. ಅದು ಕೂಗಿದರೆ ಕೈಗೆಟುಕುವಷ್ಟರಲ್ಲಿ ಸಾಧನ ಆರಿಸಿ ಎಲ್ಲರೂ ಹೊರಗೆ ಬನ್ನಿ. ಯಾರಿಗಾದರೂ ತಲೆಸುತ್ತು, ವಾಕರಿಕೆ ಇದ್ದರೆ ಆಂಬ್ಯುಲೆನ್ಸ್ ಕರೆಯಿರಿ. ಒಳಗೆ ಯಾರೋ ಉಳಿದಿದ್ದಾರೆ ಎಂದಾದರೆ ಅಗ್ನಿಶಾಮಕದವರಿಗೆ ಮೊದಲು ತಿಳಿಸಿ. ಕಿಟಕಿ ತೆರೆದ ಮೇಲೆ ಸದ್ದು ನಿಂತರೆ ಕಾರಣ ಹೋಯಿತು ಎಂದಲ್ಲ, ಗಾಳಿ ಬಂತು ಎಂದಷ್ಟೇ. ಕೊಳವೆ, ಬರ್ನರ್, ಕಿಂಡಿ ಮೂರನ್ನೂ ತಿಳಿದವರು ಬಂದು ಅಳೆದು ನೋಡುವವರೆಗೆ ಆ ಸಾಧನವನ್ನು ಮತ್ತೆ ಹಚ್ಚಬೇಡಿ.